ಗಾಫ್ ಚೌಕದ ಮನೆ

ನಿಘಂಟಿನಲ್ಲಿ ಬೇಕಾದ ಪದವನ್ನು ನೋಡಿ ಅದನ್ನು ಮತ್ತೆ ಕಪಾಟಿನಲ್ಲಿಡುವಾಗ, ಅದು ಯಾವ ಮನೆಯಲ್ಲಿ, ಎಷ್ಟು ಜನರ ದುಡಿಮೆಯಿಂದ ಸಿದ್ಧವಾಯಿತೆಂದು ನಾವು ಯೋಚಿಸುವುದಿಲ್ಲ. ರಟ್ಟಿನ ಮೇಲೆ ಒಂದು ಹೆಸರಿರುತ್ತದೆ, ಅಷ್ಟಕ್ಕೇ ತೃಪ್ತರಾಗುತ್ತೇವೆ. ಆದರೆ ಇಂಗ್ಲಿಷಿನ ಒಂದು ಮಹಾನಿಘಂಟು ಹುಟ್ಟಿದ ಮನೆ ಇಂದಿಗೂ ನಿಂತಿದೆ. ಲಂಡನ್ನಿನ ಫ್ಲೀಟ್ ಬೀದಿಯ ಪಕ್ಕದ ಓಣಿಗಳನ್ನು ಹಾದುಹೋದರೆ ಸಿಕ್ಕುವ ಗಾಫ್ ಚೌಕದಲ್ಲಿ, 17ನೆಯ ಸಂಖ್ಯೆಯ ಕೆಂಪು ಇಟ್ಟಿಗೆಯ ಮನೆ ಅದು. ಸ್ಯಾಮ್ಯುಯೆಲ್ ಜಾನ್ಸನ್ 1748ರಿಂದ 1759ರವರೆಗೆ ಅಲ್ಲಿ ಬಾಡಿಗೆಗಿದ್ದ.

ಗಾಫ್ ಎಂಬ ಉಣ್ಣೆಯ ವ್ಯಾಪಾರಿ 17ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಮನೆಯಿದು. ಅದರ ಬಾಗಿಲಿಗೆ ದಪ್ಪ ಸರಪಳಿಯುಂಟು. ಬಾಗಿಲ ಮೇಲಣ ಗವಾಕ್ಷಿಗೆ ಮುಳ್ಳುಗಳುಳ್ಳ ಕಬ್ಬಿಣದ ಅಡ್ಡಪಟ್ಟಿಯುಂಟು. ಸಣ್ಣ ಹುಡುಗರನ್ನು ಆ ಸಂದಿನಿಂದ ಒಳಗಿಳಿಸಿ ಬಾಗಿಲು ತೆಗೆಸುವ ಕಳ್ಳರ ಭಯವಿದ್ದ ಕಾಲವದು. ಜಾನ್ಸನ್ನನಿಗಾದರೋ ಕಳ್ಳರಿಗಿಂತ ಸಾಲಗಾರರ ಕಾಟವೇ ಹೆಚ್ಚು. ನಿಘಂಟು ಪ್ರಕಟವಾದ ಮರುವರ್ಷವೇ, 1756ರಲ್ಲಿ, ಆರು ಪೌಂಡಿಗೂ ಕಡಿಮೆಯ ಸಾಲಕ್ಕಾಗಿ ಆತ ಬಂಧನಕ್ಕೊಳಗಾದ. ಕಾದಂಬರಿಕಾರ ರಿಚರ್ಡ್‌ಸನ್ ಹಣ ಕಳಿಸಿ ಬಿಡಿಸಬೇಕಾಯಿತು.

ನಿಘಂಟಿಗಾಗಿ ಪ್ರಕಾಶಕರು 1746ರಲ್ಲಿ ಒಪ್ಪಿಕೊಂಡದ್ದು 1,500 ಗಿನಿಗಳನ್ನು. ಸಹಾಯಕರ ಸಂಬಳವೂ ಅದರಲ್ಲೇ ಸಲ್ಲಬೇಕು. ಮೂರು ವರ್ಷದಲ್ಲಿ ಮುಗಿಸುವೆನೆಂದ ಕೆಲಸ ಒಂಬತ್ತು ವರ್ಷ ಹಿಡಿಯಿತು. ಕೆಲಸ ನಡೆದದ್ದು ಮನೆಯ ಮೇಲಟ್ಟದಲ್ಲಿ. ಜಾನ್ಸನ್ ಗ್ರಂಥಗಳನ್ನೋದುತ್ತ ತಕ್ಕ ಪದಕ್ಕೆ ಸೀಸದ ಕಡ್ಡಿಯಿಂದ ಗೆರೆಯೆಳೆದು, ಅಂಚಿನಲ್ಲಿ ಅದರ ಮೊದಲಕ್ಷರವನ್ನು ಗುರುತಿಸುತ್ತಿದ್ದ. ಲಿಪಿಕಾರರು ಆ ವಾಕ್ಯಗಳನ್ನು ಚೀಟಿಗಳಿಗೆ ಇಳಿಸಿ ಅಕ್ಷರಾನುಕ್ರಮದಲ್ಲಿ ಜೋಡಿಸುತ್ತಿದ್ದರು. 1755ರಲ್ಲಿ ಎರಡು ಬೃಹತ್ ಸಂಪುಟಗಳು ಹೊರಬಂದಾಗ ಅವುಗಳಲ್ಲಿ 42,773 ಪದಗಳಿದ್ದವು. ಉದಾಹರಣೆಯ ವಾಕ್ಯಗಳು ಲಕ್ಷವನ್ನು ಮೀರಿದ್ದವು. ಬಡತನದಿಂದ ಪದವಿಯಿಲ್ಲದೆ ಆಕ್ಸ್‌ಫರ್ಡನ್ನು ಬಿಟ್ಟಿದ್ದವನಿಗೆ ಅದೇ ವಿಶ್ವವಿದ್ಯಾಲಯ ಆ ವರ್ಷ ಎಂ.ಎ. ಪದವಿಯನ್ನಿತ್ತಿತು.

ಲಿಪಿಕಾರರು ಆರು ಮಂದಿ, ಐವರು ಸ್ಕಾಟ್ಲೆಂಡಿನವರು. ಅವರಿಗೆ ಯಾವ ಪದವಿಯೂ ಬರಲಿಲ್ಲ. ರಾಬರ್ಟ್ ಶೀಲ್ಸ್ ಗ್ರಂಥ ಮುಗಿಯುವ ಮೊದಲೇ, 1753ರಲ್ಲಿ, ಕ್ಷಯದಿಂದ ತೀರಿಕೊಂಡ. ಪೇಟನ್ 1776ರಲ್ಲಿ ಕಡುಬಡತನದಲ್ಲಿ ಸತ್ತ. ಅಲೆಗ್ಸಾಂಡರ್ ಮ್ಯಾಕ್‌ಬೀನನಿಗೆ ಮುಪ್ಪಿನಲ್ಲಿ ಒಂದು ಧರ್ಮಶಾಲೆಯ ಆಶ್ರಯವಾದರೂ ದೊರೆತದ್ದು ಜಾನ್ಸನ್ನನ ಪ್ರಯತ್ನದಿಂದ.

ಅಟ್ಟದ ಕೆಳಗಿನ ಬದುಕೂ ಸುಖದ್ದಾಗಿರಲಿಲ್ಲ. ಮಡದಿ ಎಲಿಜಬೆತ್ 1752ರ ಮಾರ್ಚಿಯಲ್ಲಿ ನಿಧನಳಾದಳು. ಕೆಲವೇ ದಿನಗಳಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗನೊಬ್ಬ ಆ ಮನೆಗೆ ಬಂದ. ಜಮೈಕಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಅವನ ಹೆಸರು ಫ್ರಾನ್ಸಿಸ್ ಬಾರ್ಬರ್. ಸೇವಕನಾಗಿ ಬಂದವನನ್ನು ಜಾನ್ಸನ್ ಮುಂದೆ ಶಾಲೆಗೆ ಕಳಿಸಿ ಓದಿಸಿದ. 1784ರಲ್ಲಿ ತಾನು ಸಾಯುವಾಗ ಆಸ್ತಿಯ ಬಹುಪಾಲನ್ನು ಅವನಿಗೇ ಬಿಟ್ಟ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಬಂದ ಕವಯಿತ್ರಿ ಅನ್ನಾ ವಿಲಿಯಮ್ಸ್‌ಳ ದೃಷ್ಟಿ ಮರಳಲಿಲ್ಲ. ಆದರೆ ಆಶ್ರಯ ತಪ್ಪಲಿಲ್ಲ. ಸ್ವತಃ ಸಾಲದಲ್ಲಿದ್ದವನ ಮನೆ ಇತರರಿಗೆ ಆಸರೆಯಾಯಿತೆಂಬುದನ್ನು ಮರೆಯಬಾರದು.

ಜಾನ್ಸನ್ ಬಿಟ್ಟ ಮೇಲೆ ಮನೆ ಹೋಟೆಲಾಯಿತು, ಮುದ್ರಣಾಲಯವಾಯಿತು, ಬಹುಮಟ್ಟಿಗೆ ಶಿಥಿಲವೂ ಆಯಿತು. 1911ರಲ್ಲಿ ಸೆಸಿಲ್ ಹಾರ್ಮ್ಸ್‌ವರ್ತ್ ಕೊಂಡು ದುರಸ್ತಿ ಮಾಡಿಸಿದ್ದರಿಂದ ಉಳಿಯಿತು. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಅದರ ಸೂರು ಸುಟ್ಟಿತು. ಆಗ ಅಗ್ನಿಶಾಮಕ ದಳದವರಿಗೆ ಅದೇ ಮನೆ ವಿಶ್ರಾಂತಿಯ ತಾಣವಾಗಿತ್ತು. ಈಗ ಅದು ವಸ್ತುಸಂಗ್ರಹಾಲಯ.

ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಅದರ ಹಿಂದೆಯೂ ಕಾವ್ಯಗಳಿಂದ, ಶಾಸನಗಳಿಂದ ಪದಗಳನ್ನು ಆಯ್ದು ಚೀಟಿಗಳಿಗೆ ಇಳಿಸಿದ ಕೈಗಳು ಅನೇಕ. ನಿಘಂಟು ಒಬ್ಬನ ವಿದ್ವತ್ತಿನ ಫಲವೆಂಬುದು ಅರ್ಧಸತ್ಯ. ಅದು ಒಂದು ಮನೆವಾರ್ತೆಯ ಫಲವೂ ಹೌದು. ಗಾಫ್ ಚೌಕದ ಆ ಅಟ್ಟವನ್ನು ಉಳಿಸಿಕೊಂಡದ್ದರಿಂದ ಆ ಆರು ಮಂದಿಯ ನೆನಪಿಗೂ ಒಂದು ನೆಲೆ ದೊರೆತಂತಾಗಿದೆ.