ಚಂದಾ ಎತ್ತಿದರೆ ಚಿಕಿತ್ಸೆ ಮುಗಿಯಿತೇ?

ಊರಿನ ಕಾಲೇಜು ಹುಡುಗನಿಗೋ ಹುಡುಗಿಗೋ ರಕ್ತದ ಕ್ಯಾನ್ಸರ್ ಅಂತೆ ಎಂಬ ಸುದ್ದಿ ಹಬ್ಬಿದ ವಾರದಲ್ಲೇ ನಮ್ಮ ಜನ ಒಟ್ಟಾಗುತ್ತಾರೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಫೋಟೊ, ಬ್ಯಾಂಕ್ ಖಾತೆಯ ಸಂಖ್ಯೆ ಓಡಾಡುತ್ತವೆ. ಯುವಕ ಸಂಘ, ಹಾಲಿನ ಡೇರಿ, ಹಳೆಯ ವಿದ್ಯಾರ್ಥಿಗಳು, ಗಲ್ಫ್‌ನಲ್ಲಿರುವ ಊರಿನವರು ಕೈಲಾದಷ್ಟು ಹಾಕುತ್ತಾರೆ. ಈ ಕರುಣೆ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಆದರೆ ಅದರ ಹಿಂದೆ ಒಂದು ತಪ್ಪು ತಿಳಿವಳಿಕೆಯೂ ಇದೆ: ಕ್ಯಾನ್ಸರ್ ಎಂದರೆ ಒಂದೇ ಸಲ ಬಂದೆರಗುವ ದೊಡ್ಡ ಖರ್ಚು, ಆ ಮೊತ್ತ ಕೂಡಿಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತು ಎಂಬುದು. ಚಿಕಿತ್ಸೆ ನಡೆಯುವ ಬಗೆ ಹಾಗಿಲ್ಲ. ಈ ತಿಳಿವಳಿಕೆಯಿಂದಾಗಿ, ಅಗತ್ಯ ಹೆಚ್ಚಾಗುವ ಹೊತ್ತಿಗೇ ನೆರವು ಬತ್ತಿಹೋಗುತ್ತದೆ.

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ, ಹದಿಹರೆಯದವರನ್ನೂ ಬಿಡದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾವನ್ನೇ ನೋಡಿ. ಇದರ ಚಿಕಿತ್ಸೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳ ಕೀಮೋ ಕಠಿಣ. ಅದು ಮುಗಿಯುವಾಗ ಹೆಚ್ಚಿನವರ ರಕ್ತದಲ್ಲಿ ರೋಗದ ಕಣಗಳು ಕಾಣುವುದಿಲ್ಲ. ಕಾಣುವುದಿಲ್ಲ ಅಷ್ಟೇ, ಹೋಗಿರುವುದಿಲ್ಲ. ಮುಂದೆ ಹಲವು ತಿಂಗಳು ಮತ್ತೆ ಕೀಮೋ, ಆಮೇಲೆ ವರ್ಷಕ್ಕೂ ಮೀರಿ ಮನೆಯಲ್ಲೇ ಮಾತ್ರೆ: ಪ್ರತಿ ದಿನ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ನಡುನಡುವೆ ರಕ್ತಪರೀಕ್ಷೆಗೆ ಪ್ರಯಾಣ. ಹೋದ ದಿನ 'ಕೌಂಟ್ ಕಮ್ಮಿ ಇದೆ, ಮುಂದಿನ ವಾರ ಬನ್ನಿ' ಎಂದರೆ ಮತ್ತೊಂದು ಪ್ರಯಾಣ, ಮತ್ತೆ ಕೂಲಿ ನಷ್ಟ. ಅಷ್ಟರಲ್ಲಿ ತಲೆಗೂದಲು ಬಂದಿರುತ್ತದೆ, ಮುಖ ತುಂಬಿರುತ್ತದೆ. ನೋಡಿದವರೆಲ್ಲ 'ವಾಸಿಯಾಯ್ತಲ್ಲ' ಎನ್ನುತ್ತಾರೆ. ಈ ಹಂತದಲ್ಲಿ ಮಾತ್ರೆಯನ್ನು ನೂರಕ್ಕೆ ತೊಂಬತ್ತೈದಕ್ಕಿಂತ ಕಡಿಮೆ ನಿಷ್ಠೆಯಿಂದ ತೆಗೆದುಕೊಂಡ ಮಕ್ಕಳಲ್ಲಿ ರೋಗ ಮರುಕಳಿಸುವ ಸಾಧ್ಯತೆ ಹೆಚ್ಚು ಎಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ತೊಂಬತ್ತೈದು ಎಂದರೆ ತಿಂಗಳಲ್ಲಿ ಎರಡು ದಿನ ತಪ್ಪಿದರೂ ಆ ಗೆರೆಯಿಂದ ಕೆಳಗಿಳಿದಂತೆ. ಚಂದಾ ಎತ್ತಿದವರು ಯಾರೂ ಅಷ್ಟು ಹೊತ್ತಿಗೆ ಜೊತೆಯಲ್ಲಿ ಇರುವುದಿಲ್ಲ.

'ಕ್ಯಾನ್ಸರ್ ಬಂದಮೇಲೆ ಉಳಿಯುವುದೆಲ್ಲಿ, ಸುಮ್ಮನೆ ದುಡ್ಡು ಸುರಿದಂತೆ' ಎಂದು ಪಿಸುಗುಟ್ಟುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ವರಮಾನದ ಅನೇಕ ದೇಶಗಳಲ್ಲಿ ಶೇ 30ಕ್ಕಿಂತ ಕಡಿಮೆ. ರೋಗ ಅದೇ, ಮುಖ್ಯ ಔಷಧಗಳೂ ಬಹುಪಾಲು ಹಳೆಯವೇ. ತಡವಾಗಿ ಪತ್ತೆಯಾಗುವುದು, ಔಷಧ ಸಿಗದಿರುವುದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಈ ಅಂತರಕ್ಕೆ ಮುಖ್ಯ ಕಾರಣಗಳು. ಮೂರನೆಯ ಕಾರಣವನ್ನು ಊರು ಮನಸ್ಸು ಮಾಡಿದರೆ ತಡೆಯಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಸರ್ಕಾರದ ಕಾರ್ಡ್ ಇದೆಯಲ್ಲ ಎಂದು ಕೇಳಬಹುದು. ಇದೆ, ಅದನ್ನು ಮೊದಲು ಬಳಸಬೇಕು ಕೂಡ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಆದರೆ ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದ ತಂದೆ-ತಾಯಿಯ ಊಟ, ಬಾಡಿಗೆ ಕೋಣೆ, ನಿಂತುಹೋದ ದುಡಿಮೆ, ಊರಲ್ಲಿ ಬಿಟ್ಟುಬಂದ ಇನ್ನೊಂದು ಮಗುವಿನ ಶಾಲೆ ಯಾವ ಕಾರ್ಡಿನ ಲೆಕ್ಕಕ್ಕೂ ಬರುವುದಿಲ್ಲ. ಆದ್ದರಿಂದ ಮೊದಲ ವಾರ ಒಬ್ಬರು ಐದು ಸಾವಿರ ಕೊಡುವುದಕ್ಕಿಂತ ಇಪ್ಪತ್ತು ಮಂದಿ ತಿಂಗಳಿಗೆ ಇನ್ನೂರರಂತೆ ಎರಡು ವರ್ಷ ಕೊಡುವುದು ನನ್ನ ಮಟ್ಟಿಗೆ ದೊಡ್ಡ ಸಹಾಯ. ದುಡ್ಡಿಲ್ಲದವರಿಗೂ ಮಾಡಲು ಕೆಲಸವಿದೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿ ಬೋಗಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ಅದರ ಪ್ರಮಾಣಪತ್ರ ಬರೆಸಿಕೊಂಡು, ಸರತಿಯಲ್ಲಿ ನಿಂತು ಟಿಕೆಟ್ ಮಾಡಿಸಿಕೊಡಲು ಓದುಬರಹ ಬಲ್ಲ ಒಬ್ಬ ಹುಡುಗ ಸಾಕು.

ರಕ್ತದ ವಿಚಾರದಲ್ಲಂತೂ ಉತ್ಸಾಹವೇ ಎಷ್ಟೋ ಸಲ ಅಡ್ಡ ಬರುತ್ತದೆ. ಕರೆ ಬಂದ ದಿನವೇ ಐವತ್ತು ಮಂದಿ ವ್ಯಾನು ಹತ್ತಿಬಿಡುತ್ತಾರೆ. ಕೀಮೋದಿಂದ ತೀವ್ರವಾಗಿ ಕುಸಿಯುವುದು ಪ್ಲೇಟ್‌ಲೆಟ್. ಸಂಗ್ರಹಿಸಿದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ರಕ್ತ ಕೊಟ್ಟ ಗಂಡಸರು ಮತ್ತೆ ಕೊಡಲು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಅಂದರೆ ಒಂದೇ ದಿನ ಎಲ್ಲರೂ ಕೊಟ್ಟರೆ ಮುಂದಿನ ಕೀಮೋ ಹೊತ್ತಿಗೆ ಕೊಡಬಲ್ಲವರೇ ಇರುವುದಿಲ್ಲ. ಆಸ್ಪತ್ರೆಯವರು ಎಸ್‌ಡಿಪಿ ಎನ್ನುವ, ಯಂತ್ರದ ಮೂಲಕ ಒಬ್ಬರಿಂದಲೇ ಪ್ಲೇಟ್‌ಲೆಟ್ ಮಾತ್ರ ಬೇರ್ಪಡಿಸಿಕೊಳ್ಳುವ ವಿಧಾನಕ್ಕೆ ಒಂದೆರಡು ಗಂಟೆ ಬೇಕು, ಮೊದಲೇ ರಕ್ತ ತಪಾಸಣೆಯಾಗಬೇಕು. ಹಾಗಾಗಿ ಗುಂಪಿಗಿಂತ ಪಟ್ಟಿ ಮುಖ್ಯ: ಹೆಸರು, ರಕ್ತದ ಗುಂಪು, ಕೊನೆಯ ಸಲ ಕೊಟ್ಟ ದಿನ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸ್ವಂತ ಅಣ್ಣ-ತಂಗಿಯ ರಕ್ತವೇ ಶ್ರೇಷ್ಠ ಎಂಬ ನಂಬಿಕೆ ಇದೆ. ಅಸ್ಥಿಮಜ್ಜೆ ಕಸಿಯ ಸಾಧ್ಯತೆ ಇರುವಾಗ ಹತ್ತಿರದ ರಕ್ತಸಂಬಂಧಿಗಳ ರಕ್ತ ಕೊಡಬಾರದೆಂದೇ ವೈದ್ಯರು ಹೇಳುತ್ತಾರೆ. ಕಸಿಗೆ ಒಡಹುಟ್ಟಿದವರೇ ಹೊಂದುತ್ತಾರೆ ಎಂಬುದೂ ಅರ್ಧ ಸತ್ಯ: ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಉಳಿದವರಿಗಾಗಿಯೇ ಬೆಂಗಳೂರಿನ ಡಿಕೆಎಂಎಸ್, ಚೆನ್ನೈನ ದಾತ್ರಿಯಂಥ ದಾನಿಗಳ ನೋಂದಣಿ ಸಂಸ್ಥೆಗಳಿವೆ.

ನೋಡಲು ಹೋಗುವುದೇ ಪ್ರೀತಿ ಎಂದು ನಂಬಿದ ನಮಗೆ ಬಾಗಿಲಲ್ಲಿ ತಡೆದರೆ ಬೇಸರವಾಗುತ್ತದೆ. ಕ್ಯಾನ್ಸರ್ ಯಾರಿಗೂ ಅಂಟುವುದಿಲ್ಲ. ಅದೇ ತಟ್ಟೆಯಲ್ಲಿ ಉಂಡರೂ ಏನೂ ಆಗದು. ಅಪಾಯವಿರುವುದು ರೋಗಿಗೆ, ನಮ್ಮಿಂದ. ಬಿಳಿ ರಕ್ತಕಣ ಕುಸಿದ ದಿನಗಳಲ್ಲಿ ನಮ್ಮ ಸಾಮಾನ್ಯ ನೆಗಡಿಯೂ ಅವರನ್ನು ಮತ್ತೆ ವಾರ್ಡಿಗೆ ಸೇರಿಸಬಹುದು. ಭೇಟಿಯಾದವರು 'ಧೈರ್ಯ ಬಿಡಬೇಡ, ಧೈರ್ಯವೇ ಅರ್ಧ ಔಷಧ' ಎನ್ನುವುದಂತೂ ರೂಢಿ. 2007ರಲ್ಲಿ 'ಕ್ಯಾನ್ಸರ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಮನಸ್ಸಿನ ನೆಮ್ಮದಿಗೂ ಬದುಕುಳಿಯುವಿಕೆಗೂ ಸಂಬಂಧ ಕಾಣಲಿಲ್ಲ. ನೆಮ್ಮದಿ ಬೇಡವೆಂದಲ್ಲ, ಅದು ಅದಕ್ಕಾಗಿಯೇ ಬೇಕು. ಆದರೆ ರೋಗ ಮರಳಿದರೆ ತನ್ನ ಧೈರ್ಯ ಸಾಲಲಿಲ್ಲ ಎಂಬ ಅಪರಾಧಭಾವವನ್ನು ಹತ್ತೊಂಬತ್ತು ವರ್ಷದ ಹುಡುಗಿಯ ತಲೆಗೆ ಕಟ್ಟುವುದು ಕ್ರೌರ್ಯ.

ಫೋಟೊ ಇಲ್ಲದೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ, ಮೋಸದ ಮನವಿಗಳೂ ಉಂಟು. ಆದರೆ ನಂಬಿಕೆ ಹುಟ್ಟಿಸಲು ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರ, ರೋಗಿಯ ನೋಂದಣಿ ಸಂಖ್ಯೆಗೆ ನೇರ ಪಾವತಿ, ಊರಿನ ಇಬ್ಬರು ಗೊತ್ತಿರುವವರ ಹೆಸರು ಇದ್ದರೆ ಆಯಿತು. ಬೋಳುತಲೆಯ, ಮೂಗಿಗೆ ನಳಿಕೆ ಹಾಕಿದ ಚಿತ್ರ ಒಮ್ಮೆ ಹೊರಬಿದ್ದರೆ ಗುಣವಾದ ಮೇಲೂ ವರ್ಷಗಟ್ಟಲೆ ಫಾರ್ವರ್ಡ್ ಆಗುತ್ತಲೇ ಇರುತ್ತದೆ. ಕೆಲಸದ ಸಂದರ್ಶನದಲ್ಲಿ, ಮದುವೆ ಮಾತುಕತೆಯಲ್ಲಿ ಎದುರಾಗುತ್ತದೆ. ಅವರು ಇನ್ನೂ ಐವತ್ತು ವರ್ಷ ಬಾಳುತ್ತಾರೆ ಎಂದು ನಾವು ನಿಜವಾಗಿ ನಂಬಿದರೆ ಹಾಗೆ ಹಂಚುತ್ತಿರಲಿಲ್ಲ. ಅದೇ ನಂಬಿಕೆಯಿದ್ದರೆ, ಕೆಲವು ಕೀಮೋ ಔಷಧಗಳು ಸಂತಾನಶಕ್ತಿಗೆ ಧಕ್ಕೆ ತರುತ್ತವೆ, ವೀರ್ಯ ಅಥವಾ ಅಂಡಾಣು ಕಾಪಿಡುವ ಮಾತನ್ನು ಚಿಕಿತ್ಸೆಗೆ ಮೊದಲೇ ವೈದ್ಯರಲ್ಲಿ ಆಡಬೇಕು ಎಂದು ಮನೆಯವರಿಗೆ ಸಂಕೋಚವಿಲ್ಲದೆ ತಿಳಿಸುವ ಒಬ್ಬ ಹಿರಿಯರಾದರೂ ಊರಿನಲ್ಲಿರುತ್ತಾರೆ. ಕಾಲೇಜಿನ ಹಾಜರಾತಿ, ಪರೀಕ್ಷೆಯ ಮುಂದೂಡಿಕೆ, ನೋಟ್ಸ್ ಒದಗಿಸುವ ಗೆಳೆಯರು, ಇವೂ ಚಿಕಿತ್ಸೆಯ ಭಾಗವೇ.

ಮುಂದಿನ ಸಲ ಇಂಥ ಮನವಿ ನಿಮ್ಮ ಫೋನಿಗೆ ಬಂದಾಗ ಹಣ ಕಳಿಸಿ, ಆಮೇಲೆ ಮನೆಯವರಲ್ಲಿ ಒಬ್ಬರನ್ನು ಕೇಳಿ: ಮುಂದಿನ ಕೀಮೋ ಯಾವತ್ತು, ಜೊತೆಗೆ ಯಾರು ಹೋಗುತ್ತಾರೆ? ಉತ್ತರವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಎರಡನೆಯ ವರ್ಷದ ಪುಟಗಳಲ್ಲೂ ಬರೆಯಿರಿ.