ಒಂದೇ ತೊಟ್ಟಿಯಲ್ಲಿ ಮೀನು, ಆಮೆ: ಸಹವಾಸವೋ, ಸಂಕಟವೋ?

ನಗರದ ಮನೆಗಳ ಮುಂಗೋಣೆಯಲ್ಲಿ ಗಾಜಿನ ಮೀನಿನ ತೊಟ್ಟಿ ಹೊಸದೇನಲ್ಲ. ಬಣ್ಣದ ಮೀನುಗಳ ನಡುವೆ ಹಸಿರು ಚಿಪ್ಪಿನ ಪುಟ್ಟ ಆಮೆಮರಿಯೊಂದು ಈಜುತ್ತಿದ್ದರೆ ತೊಟ್ಟಿಯ ಅಂದ ಇಮ್ಮಡಿಸುತ್ತದೆಂಬುದು ಹಲವರ ಎಣಿಕೆ. ಎರಡೂ ನೀರಿನ ಜೀವಿಗಳೇ ಆದ್ದರಿಂದ ಒಟ್ಟಿಗೇ ಬಾಳುತ್ತವೆ ಎಂಬ ಭರವಸೆ ಅಂಗಡಿಯಲ್ಲಿಯೂ ದೊರೆಯುತ್ತದೆ. ಮನೆಯ ಮಕ್ಕಳಿಗಂತೂ ಹಿಗ್ಗೋ ಹಿಗ್ಗು.

ಮೊದಲ ಕೆಲವು ವಾರ ಈ ಭರವಸೆ ನಿಜವೆಂದೇ ತೋರುತ್ತದೆ. ಬಳಿಕ ಮೀನುಗಳ ಸಂಖ್ಯೆ ಒಂದೊಂದಾಗಿ ಇಳಿಯತೊಡಗುತ್ತದೆ. ಉಳಿದವುಗಳ ಬಾಲ ಹರಿದಿರುತ್ತದೆ, ನೀರು ಕದಡಿರುತ್ತದೆ. ಕೆಲವು ವರ್ಷಗಳಲ್ಲಿ ತೊಟ್ಟಿಯಲ್ಲಿ ಉಳಿಯುವುದು ಅಂಗೈ ಮೀರಿ ಬೆಳೆದ ಆಮೆಯೊಂದೇ. ಅದನ್ನು ಏನು ಮಾಡುವುದೆಂಬ ಪ್ರಶ್ನೆಗೆ ಅನೇಕರು ಹತ್ತಿರದ ಕೆರೆಯಲ್ಲಿ ಉತ್ತರ ಹುಡುಕುತ್ತಾರೆ. ಹೀಗೆ ಮನೆಯೊಳಗಿನ ಹವ್ಯಾಸವೊಂದು ಊರಿನ ಜಲಮೂಲದ ಸಮಸ್ಯೆಯಾಗಿ ಪರಿಣಮಿಸುತ್ತದೆ.

ಎಲ್ಲಿಯ ಆಮೆ ಇದು?

ಸಾಕುಪ್ರಾಣಿಗಳ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಮಾರಾಟವಾಗುವುದು 'ರೆಡ್ ಇಯರ್ಡ್ ಸ್ಲೈಡರ್' ಎಂಬ ಆಮೆ. ಕಣ್ಣಿನ ಹಿಂಬದಿಯಲ್ಲಿರುವ ಕೆಂಪು ಪಟ್ಟಿಯೇ ಇದರ ಗುರುತು. ನೀರಿಗೆ ಬಾಗಿದ ಮರದ ಕೊರಡಿನ ಮೇಲೆ ಬಿಸಿಲು ಕಾಯುತ್ತ ಕುಳಿತು, ಸಣ್ಣ ಸಪ್ಪಳವಾದರೂ ಸರ್ರನೆ ನೀರಿಗೆ ಜಾರುವುದರಿಂದ ಈ ಹೆಸರು ಬಂದಿದೆ. ಅಮೆರಿಕದ ಮಿಸಿಸಿಪ್ಪಿ ನದಿಯ ಕೊಳ್ಳ ಹಾಗೂ ಉತ್ತರ ಮೆಕ್ಸಿಕೊ ಇದರ ತವರು. 1989ರಿಂದ 1997ರ ಅವಧಿಯಲ್ಲಿ ಅಮೆರಿಕದಿಂದ ಇಂತಹ 5 ಕೋಟಿಗೂ ಹೆಚ್ಚು ಆಮೆಗಳು ಹೊರದೇಶಗಳಿಗೆ ರಫ್ತಾದವು.

ಮೊಟ್ಟೆಯೊಡೆದು ಹೊರಬಂದಾಗ ಇದರ ಉದ್ದ ಸುಮಾರು 3 ಸೆಂಟಿಮೀಟರ್. ಕೊಳ್ಳುವವರ ಕಣ್ಣಿಗೆ ಬೀಳುವುದು ಈ ನಾಣ್ಯದ ಗಾತ್ರವೇ. ಆದರೆ ಪೂರ್ಣ ಬೆಳೆದ ಹೆಣ್ಣಾಮೆಯ ಬೆನ್ನಚಿಪ್ಪು 25ರಿಂದ 30 ಸೆಂಟಿಮೀಟರ್ ತಲುಪಬಲ್ಲದು, ಗಂಡು ತುಸು ಚಿಕ್ಕದು. ಸರಿಯಾದ ಆರೈಕೆ ದೊರೆತರೆ ಆಯಸ್ಸು 20ರಿಂದ 30 ವರ್ಷ. ಐದು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ತಂದ ಆಮೆ, ಆ ಮಗು ಓದು ಮುಗಿಸಿ, ನೌಕರಿ ಹಿಡಿದು, ಮದುವೆಯಾಗುವ ವೇಳೆಗೂ ಮನೆಯಲ್ಲಿಯೇ ಇರುತ್ತದೆ ಎಂದರ್ಥ!

ಬೇಟೆಗಾರನೊಡನೆ ಬೇಟೆ

ಆಮೆಯ ಮಂದಗತಿ ಗಾದೆಮಾತಾಗಿದ್ದರೂ ಅದು ನೆಲದ ಮೇಲಿನ ಮಾತು. ನೀರಿನಲ್ಲಿ ಈ ಆಮೆ ಚುರುಕಾದ ಈಜುಗಾರ. ಹಲ್ಲಿಲ್ಲದಿದ್ದರೂ ಇದರ ದವಡೆಯ ಅಂಚು ಹಕ್ಕಿಯ ಕೊಕ್ಕಿನಂತೆ ಗಡುಸಾಗಿದ್ದು ಮಾಂಸ ಹರಿಯಲು ಸಾಕಾಗುತ್ತದೆ. ಇದು ಮಿಶ್ರಾಹಾರಿ. ಬಲಿತ ಆಮೆ ಜಲಸಸ್ಯ, ಸೊಪ್ಪುಗಳತ್ತ ಹೆಚ್ಚು ವಾಲುತ್ತದೆ. ಮರಿಗಳಿಗೆ ಬೆಳವಣಿಗೆಗಾಗಿ ಹೆಚ್ಚು ಪ್ರೋಟೀನ್ ಬೇಕಾದ್ದರಿಂದ ಹುಳು, ಗೊದಮೊಟ್ಟೆ, ಸಣ್ಣ ಮೀನುಗಳೇ ಅವುಗಳ ಮುಖ್ಯ ಆಹಾರ. ಅಂದರೆ, ಮೀನುಗಳ ನಡುವೆ ಬಿಡುವ ಮುದ್ದಾದ ಮರಿಯೇ ಮೀನಿನ ಮಾಂಸಕ್ಕೆ ಹೆಚ್ಚು ಹಸಿದಿರುತ್ತದೆ.

ಎಲ್ಲ ಮೀನುಗಳಿಗೂ ಸಮಾನ ಅಪಾಯವಿಲ್ಲ ಎಂಬುದೂ ನಿಜ. ಉದ್ದ ರೆಕ್ಕೆಯ, ನಿಧಾನವಾಗಿ ಈಜುವ ಗೋಲ್ಡ್ ಫಿಶ್ ಮತ್ತು ಏಂಜಲ್ ಮೀನುಗಳು ಮೊದಲು ಬಲಿಯಾಗುತ್ತವೆ. ಗೋಲ್ಡ್ ಫಿಶ್ ತಿಂದು ಬೆಳೆಯುವ ಆಮೆಗೂ ಒಳಿತಿಲ್ಲ. ಆ ಮೀನಿನ ದೇಹದಲ್ಲಿರುವ ಥಯಾಮಿನೇಸ್ ಎಂಬ ಕಿಣ್ವವು ಬಿ1 ಜೀವಸತ್ವವನ್ನು ನಾಶಪಡಿಸುವುದರಿಂದ, ಅದನ್ನೇ ದಿನವೂ ತಿನ್ನುವ ಆಮೆಗೆ ಆ ಜೀವಸತ್ವದ ಕೊರತೆ ಬಾಧಿಸುತ್ತದೆ.

ಪಾಚಿ ತಿಂದು ತೊಟ್ಟಿ ಶುಚಿಯಾಗಿಡಲೆಂದು ಬಿಡುವ ಸಕ್ಕರ್ ಮೀನಿನದು ಇನ್ನೊಂದು ಬಗೆಯ ತೊಂದರೆ. ಅದು ಆಮೆಯ ಚಿಪ್ಪಿನ ಮೇಲಿನ ಪಾಚಿಯನ್ನು ಕೆರೆಯುತ್ತ ಚಿಪ್ಪಿಗೇ ಗಾಯ ಮಾಡಬಲ್ಲದು. ಆಮೆ ಅದನ್ನು ನುಂಗಲು ಹೋದರೆ ರೆಕ್ಕೆಯ ಗಡುಸು ಮುಳ್ಳು ಗಂಟಲಿಗೆ ಸಿಕ್ಕುವ ಅಪಾಯವಿದೆ. ಜಗಳಗಂಟಿ ಸಿಕ್ಲಿಡ್ ಜಾತಿಯ ದೊಡ್ಡ ಮೀನುಗಳು ಆಮೆಮರಿಯ ಕಾಲು, ಬಾಲಗಳನ್ನು ಕಚ್ಚುವುದೂ ಉಂಟು. ಒಟ್ಟಿನಲ್ಲಿ ಈ ಸಹವಾಸದಲ್ಲಿ ಏಟು ಎರಡೂ ಕಡೆಗೆ.

ನೀರಿನೊಳಗಿನ ಲೆಕ್ಕಾಚಾರ

ಆಮೆ ಒಂದೂ ಮೀನನ್ನು ಕಚ್ಚದಿದ್ದರೂ ಮೀನುಗಳು ಸಾಯಬಹುದು. ಅದಕ್ಕೆ ಕಾರಣ ನೀರು.

ಜೀವಿಗಳ ಮಲಮೂತ್ರ ಮತ್ತು ಉಳಿದ ಆಹಾರ ಕೊಳೆತಾಗ ಅಮೋನಿಯಾ ಉತ್ಪತ್ತಿಯಾಗುತ್ತದೆ. ಫಿಲ್ಟರಿನಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಅದನ್ನು ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಒಂದೇ ಗಾತ್ರದ ಮೀನಿಗೆ ಹೋಲಿಸಿದರೆ ಆಮೆ ಹೊರಹಾಕುವ ತ್ಯಾಜ್ಯ ಬಹಳ ಹೆಚ್ಚು. ಕೇವಲ ಮೀನಿಗೆಂದು ಕೊಂಡ ಸಣ್ಣ ಫಿಲ್ಟರ್ ಈ ಹೊರೆಯನ್ನು ತಾಳಲಾರದು.

ಇಲ್ಲಿ ಒಂದು ಸೂಕ್ಷ್ಮವಿದೆ. ಆಮೆ ಶ್ವಾಸಕೋಶದಿಂದ ಉಸಿರಾಡುವ ಜೀವಿ, ತಲೆಯನ್ನು ನೀರಿನಿಂದ ಮೇಲೆತ್ತಿ ಗಾಳಿ ಸೇವಿಸುತ್ತದೆ. ಮೀನಾದರೋ ಅದೇ ನೀರನ್ನು ಕಿವಿರುಗಳ ಮೂಲಕ ಹಾಯಿಸಿ ಬದುಕಬೇಕು. ಆದ್ದರಿಂದ ಅಮೋನಿಯಾದ ಮೊದಲ ಪೆಟ್ಟು ಬೀಳುವುದು ಮೀನಿನ ಕಿವಿರುಗಳಿಗೆ. ಆಮೆ ಲವಲವಿಕೆಯಿಂದಿದೆ, ಹಾಗಾಗಿ ನೀರು ಚೆನ್ನಾಗಿದೆ ಎಂಬ ತೀರ್ಮಾನ ತಪ್ಪು. ನೀರು ಬೆಚ್ಚಗಾದಷ್ಟೂ, ಕ್ಷಾರೀಯವಾದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ. ಬೆಚ್ಚಗಿನ ನೀರಿನಲ್ಲಿ ಕರಗಿರುವ ಆಮ್ಲಜನಕವೂ ಕಡಿಮೆ. ವಿದ್ಯುತ್ ಕಡಿತದಿಂದ ಫಿಲ್ಟರ್ ಹಲವು ಗಂಟೆ ನಿಂತರೆ ಅದರೊಳಗಿನ ಉಪಕಾರಿ ಬ್ಯಾಕ್ಟೀರಿಯಾಗಳೂ ಆಮ್ಲಜನಕವಿಲ್ಲದೆ ಸಾಯುತ್ತವೆ. ಬೇಸಿಗೆಯಲ್ಲಿ ಇವೆಲ್ಲ ಒಟ್ಟುಗೂಡಿದಾಗ ಒಂದೇ ರಾತ್ರಿಯಲ್ಲಿ ತೊಟ್ಟಿಯ ಮೀನುಗಳೆಲ್ಲ ತೇಲುವುದರಲ್ಲಿ ಅಚ್ಚರಿಯಿಲ್ಲ.

ಸ್ಥಳದ ಪ್ರಶ್ನೆಯೂ ಇದರೊಂದಿಗೆ ಬೆಸೆದುಕೊಂಡಿದೆ. ಚಿಪ್ಪಿನ ಪ್ರತಿ ಒಂದು ಇಂಚು ಉದ್ದಕ್ಕೆ ಸುಮಾರು 40 ಲೀಟರ್ ನೀರು ಬೇಕೆಂಬುದು ಆಮೆ ಸಾಕುವವರಲ್ಲಿ ರೂಢಿಯಲ್ಲಿರುವ ಲೆಕ್ಕ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಹಿಡಿಯುವುದು 55 ಲೀಟರಿನಷ್ಟು ಮಾತ್ರ. ಅದು ಆಗಷ್ಟೇ ತಂದ ಮರಿಗೆ ಸಾಕು. 10 ಇಂಚು ಬೆಳೆದ ಆಮೆಗೆ 400 ಲೀಟರ್ ಬೇಕು. ಅಷ್ಟು ನೀರಿನ ತೂಕವೇ 400 ಕಿಲೋ! ಅಪಾರ್ಟ್‌ಮೆಂಟ್‌ಗಳಲ್ಲಿ ವಾಸಿಸುವವರು ಯೋಚಿಸಬೇಕಾದ ಸಂಗತಿಯಿದು.

ಬಿಸಿಲೂ ಆಹಾರವೇ

ಮೀನಿನ ತೊಟ್ಟಿಗೂ ಆಮೆಯ ತೊಟ್ಟಿಗೂ ಇರುವ ಮೂಲಭೂತ ವ್ಯತ್ಯಾಸವೆಂದರೆ ಒಣ ನೆಲ. ಶೀತರಕ್ತ ಪ್ರಾಣಿಯಾದ ಆಮೆ ನೀರಿನಿಂದ ಪೂರ್ತಿ ಹೊರಬಂದು ಮೈ ಒಣಗಿಸಿಕೊಂಡು ಬಿಸಿಲು ಕಾಯಲೇಬೇಕು. ಈ ಜಾಗದಲ್ಲಿ 30ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳಿಂದ ಆಮೆಯ ದೇಹದಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ. ಅದಿಲ್ಲದೆ ಆಹಾರದಲ್ಲಿನ ಕ್ಯಾಲ್ಸಿಯಂ ಮೈಗೆ ಹತ್ತದು. ಪರಿಣಾಮವಾಗಿ ಚಿಪ್ಪು ಮೆತ್ತಗಾಗಿ, ಮೂಳೆಗಳು ವಿರೂಪಗೊಳ್ಳುತ್ತವೆ. ಕಿಟಕಿಯ ಗಾಜಿನ ಮೂಲಕ ಬೀಳುವ ಬಿಸಿಲು ಇದಕ್ಕೆ ಸಾಲದು, ಏಕೆಂದರೆ ಬೇಕಾದ ಕಿರಣಗಳನ್ನು ಗಾಜು ಬಹುಪಾಲು ತಡೆಯುತ್ತದೆ. ವಿಶೇಷ ನೇರಳಾತೀತ ದೀಪವನ್ನಾದರೂ ಅಳವಡಿಸಬೇಕು.

ಮೀನಿನ ಅಗತ್ಯ ಇದಕ್ಕೆ ತದ್ವಿರುದ್ಧ. ಅದಕ್ಕೆ ಅಂಚಿನವರೆಗೆ ತುಂಬಿದ ನೀರು, ಸ್ಥಿರವಾದ ಉಷ್ಣತೆ ಬೇಕು. ಸ್ಲೈಡರ್ ಆಮೆಗೆ 24ರಿಂದ 27 ಡಿಗ್ರಿಯ ನೀರು ಹಿತವಾದರೆ, ಗೋಲ್ಡ್ ಫಿಶ್ ಇದಕ್ಕಿಂತ ತಂಪಾದ ನೀರನ್ನು ಬಯಸುತ್ತದೆ. ಒಬ್ಬರಿಗಾಗಿ ಕಟ್ಟಿದ ಮನೆಯಲ್ಲಿ ಇನ್ನೊಬ್ಬರು ಬಾಡಿಗೆಗಿದ್ದಂತೆ ಈ ಸಂಸಾರ.

ಒಟ್ಟಿಗೇ ಸಾಕಲೇಬೇಕೆಂದರೆ

ಮೇಲಿನ ಎಲ್ಲ ತೊಡಕುಗಳನ್ನು ಅರಿತೂ ಪ್ರಯತ್ನಿಸುವವರು ಮೊದಲು ಆಮೆಗೆ ತಕ್ಕ ತೊಟ್ಟಿ ಕಟ್ಟಿ, ಅನಂತರ ಮೀನಿನ ಯೋಚನೆ ಮಾಡುವುದು ವಿವೇಕ. ತೊಟ್ಟಿಯ ನೀರಿನ ಪ್ರಮಾಣಕ್ಕಿಂತ ಎರಡು ಮೂರು ಪಟ್ಟು ಹೆಚ್ಚಿನ ಸಾಮರ್ಥ್ಯಕ್ಕೆಂದು ತಯಾರಾದ ಫಿಲ್ಟರ್ ಬಳಸಬೇಕು. ಜೀಬ್ರಾ ಮೀನಿನಂತಹ ವೇಗದ ಈಜುಗಾರರು ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆಮೆ ನುಸುಳಲಾಗದ, ಮೀನು ಮಾತ್ರ ತೂರಬಲ್ಲ ಕೊಳವೆ, ಕಲ್ಲಿನ ಸಂದುಗಳನ್ನು ಅಲ್ಲಲ್ಲಿ ಇರಿಸಬೇಕು. ಆಮೆಗೆ ಬೇರೊಂದು ಟಬ್‌ನಲ್ಲಿ ಆಹಾರ ನೀಡಿದರೆ ತೊಟ್ಟಿ ಸೇರುವ ಕೊಳೆ ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು, ಕ್ಲೋರಿನ್ ಬೆರೆತ ನಲ್ಲಿನೀರನ್ನು ಒಂದು ದಿನ ತೆರೆದಿಟ್ಟು ಬಳಸುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಮೀನು ಉಳಿಯುತ್ತದೆಂಬ ಖಾತರಿಯಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ಆಮೆ ಒಂದು ದಿನ ಹಠಾತ್ತನೆ ಬೇಟೆ ಆರಂಭಿಸಬಹುದು. ಎರಡು ಬೇರೆ ಬೇರೆ ತೊಟ್ಟಿಗಳೇ ಸರಳ ಪರಿಹಾರ.

ಮಕ್ಕಳಿರುವ ಮನೆಯಲ್ಲಿ

ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅದು ಮನುಷ್ಯರಲ್ಲಿ ವಾಂತಿಭೇದಿ, ಜ್ವರ ತರುತ್ತದೆ. ಚಿಕ್ಕ ಮಕ್ಕಳು ಆಮೆಮರಿಯನ್ನು ಬಾಯಿಗಿಡುವುದರಿಂದ ಈ ಸೋಂಕು ಹಬ್ಬುತ್ತಿದ್ದುದನ್ನು ಮನಗಂಡು, 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುಪ್ರಾಣಿಯಾಗಿ ಮಾರುವುದನ್ನು ಅಮೆರಿಕ 1975ರಲ್ಲಿಯೇ ನಿಷೇಧಿಸಿತು. ಆಮೆಯನ್ನಾಗಲೀ ತೊಟ್ಟಿಯ ನೀರನ್ನಾಗಲೀ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯ. ತೊಟ್ಟಿಯ ಸಾಮಗ್ರಿಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಲೇಬಾರದು.

ಕಾನೂನಿನ ಕಣ್ಣು

ಕನ್ನಡದಲ್ಲಿ ನೆಲದ್ದಕ್ಕೂ ನೀರಿನದ್ದಕ್ಕೂ ಆಮೆ ಎಂದೇ ಹೆಸರು. ಇದರಿಂದ ಆಗುವ ಅನಾಹುತಕ್ಕೆ ನಕ್ಷತ್ರ ಆಮೆ ಉದಾಹರಣೆ. ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ಕದ್ದುಮುಚ್ಚಿ ಮಾರಾಟವಾಗುವ ಇದು ಅಪ್ಪಟ ನೆಲವಾಸಿ. ಇದನ್ನು ಮೀನಿನ ತೊಟ್ಟಿಗೆ ಬಿಟ್ಟರೆ ಈಜಲಾರದೆ ಮುಳುಗಿ ಸಾಯುತ್ತದೆ. 2019ರಿಂದ ಇದರ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೂ ನಿಷೇಧವಿದೆ.

ನಕ್ಷತ್ರ ಆಮೆಯಾಗಲೀ, ನಮ್ಮ ಕೆರೆ-ಗದ್ದೆಗಳಲ್ಲಿ ಸಿಗುವ ಮೆದುಚಿಪ್ಪಿನ ಆಮೆಯಾಗಲೀ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಪಡೆದಿವೆ. ಅವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. 2022ರ ತಿದ್ದುಪಡಿಯ ಬಳಿಕ, ಮೊದಲ ಪಟ್ಟಿಯಲ್ಲಿರುವ ಪ್ರಾಣಿಗಳ ವಿಷಯದಲ್ಲಿ 3ರಿಂದ 7 ವರ್ಷ ಸೆರೆವಾಸ ಹಾಗೂ ಕನಿಷ್ಠ 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ವಿದೇಶಿ ಮೂಲದ್ದಾದ ಸ್ಲೈಡರ್ ಆಮೆ ದೇಶೀಯ ಆಮೆಗಳಿಗಿರುವ ಈ ನಿಷೇಧಕ್ಕೆ ಒಳಪಡದಿದ್ದರೂ, ಪರವಾನಗಿಯಿಲ್ಲದೆ ಅದನ್ನು ದೇಶದೊಳಗೆ ತರುವಂತಿಲ್ಲ. ಪ್ರಯಾಣಿಕರ ಸಾಮಾನಿನಲ್ಲಿ ಅಡಗಿಸಿ ತಂದ ಇಂತಹ ಸಾವಿರಾರು ಮರಿಗಳನ್ನು ಚೆನ್ನೈ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿಗಳು ವಶಪಡಿಸಿಕೊಂಡ ಪ್ರಕರಣಗಳಿವೆ.

ಕೆರೆಗೆ ಬಿಡುವ 'ಪುಣ್ಯ'

ತೊಟ್ಟಿ ಸಾಲದಾದಾಗ ಆಮೆಯನ್ನು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು, ಜೀವವೊಂದಕ್ಕೆ ಬಿಡುಗಡೆ ದೊರಕಿಸಿದೆವೆಂದು ನೆಮ್ಮದಿಪಡುವವರಿದ್ದಾರೆ. ಇಡೀ ಸಂಗತಿಯಲ್ಲಿ ಅತ್ಯಂತ ಹಾನಿಕಾರಕ ಹೆಜ್ಜೆ ಇದೇ. ಜಗತ್ತಿನ ಅತಿ ಅಪಾಯಕಾರಿ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸ್ಲೈಡರ್ ಆಮೆಗೆ ಸ್ಥಾನವಿದೆ. ಯುರೋಪಿನ ಒಕ್ಕೂಟ 1997ರಲ್ಲಿಯೇ ಇದರ ಆಮದನ್ನು ನಿಲ್ಲಿಸಿತು. 2021ರಲ್ಲಿ ಕೇರಳದ ತ್ರಿಶ್ಶೂರು ಬಳಿ ಈ ಆಮೆ ಪತ್ತೆಯಾದಾಗ ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯು, ಇವನ್ನು ನೀರಿಗೆ ಬಿಡದೆ ತನಗೆ ಒಪ್ಪಿಸುವಂತೆ ಸಾರ್ವಜನಿಕರನ್ನು ಕೋರಿತ್ತು.

ಕೆರೆ ಸೇರಿದ ಸ್ಲೈಡರ್ ಆಹಾರ ಮತ್ತು ಬಿಸಿಲು ಕಾಯುವ ತಾಣಗಳಿಗಾಗಿ ದೇಶೀಯ ಆಮೆಗಳೊಡನೆ ಸ್ಪರ್ಧಿಸುತ್ತದೆ, ಮೀನಿನ ಮರಿ, ಕಪ್ಪೆಯ ಗೊದಮೊಟ್ಟೆಗಳನ್ನು ತಿನ್ನುತ್ತದೆ, ಹೊಸ ರೋಗಗಳನ್ನೂ ಹರಡಬಲ್ಲದು. ಪರ್ಯಾಯ ದ್ವೀಪ ಭಾರತದ ನದಿಗಳಲ್ಲಿ ಮಾತ್ರವೇ ಇರುವ ಲೀತ್ಸ್ ಮೆದುಚಿಪ್ಪಿನ ಆಮೆ ಈಗಾಗಲೇ ಅಳಿವಿನಂಚು ತಲುಪಿದೆ. ನಮ್ಮ ನೀರಿನ ಮೂಲ ನಿವಾಸಿಗಳ ಸ್ಥಿತಿ ಹೀಗಿರುವಾಗ, ಹೊರಗಿನ ಪ್ರತಿಸ್ಪರ್ಧಿಯನ್ನು ಅಂಗಡಿಯಿಂದ ಹಣ ಕೊಟ್ಟು ತಂದು ಬಿಡುವುದು ಪುಣ್ಯದ ಕೆಲಸವೆನಿಸದು.

ಸಾಕಲಾಗದವರು ತಕ್ಕ ಸೌಕರ್ಯವಿರುವ ಹವ್ಯಾಸಿಗಳಿಗೆ ಆಮೆಯನ್ನು ಒಪ್ಪಿಸಬಹುದು, ಪಶುವೈದ್ಯರನ್ನೋ ವನ್ಯಜೀವಿ ಪುನರ್ವಸತಿ ಕೇಂದ್ರಗಳನ್ನೋ ವಿಚಾರಿಸಬಹುದು. ದೇಶೀಯ ಆಮೆಯಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಆದರೆ ಇವೆಲ್ಲಕ್ಕಿಂತ ಸುಲಭದ ದಾರಿ ಕೊಳ್ಳುವ ಮುನ್ನವೇ ಇದೆ. ಅಂಗಡಿಯಲ್ಲಿ ಆಮೆಮರಿಯ ಬೆಲೆ ಕೇಳುವ ಮೊದಲು, 400 ಲೀಟರ್ ನೀರಿಗೂ 30 ವರ್ಷಗಳ ಹೊಣೆಗೂ ಮನೆಯಲ್ಲಿ ಜಾಗವಿದೆಯೇ ಎಂದು ಕೇಳಿಕೊಳ್ಳಬೇಕು. ಇಲ್ಲವೆಂದಾದರೆ, ಮೀನಿನ ತೊಟ್ಟಿ ಮೀನಿಗೇ ಇರಲಿ.