ಮೆಕ್ಕೆಜೋಳದ ಶಿಲೀಂಧ್ರ ವಿಷ: ‘ಬೂಷ್ಟು’ ಮತ್ತು ‘ಒಣಗಿದೆ’ ಎಂಬೆರಡು ಮಾತುಗಳ ಸುತ್ತ

ಮೆಕ್ಕೆಜೋಳಕ್ಕೆ ಕನ್ನಡದಲ್ಲಿಯೇ ಹಲವು ಹೆಸರುಗಳಿವೆ. ಹಳೆಯ ಮೈಸೂರಿನ ಕಡೆ ಅದು ಮುಸುಕಿನ ಜೋಳ. ಧಾರವಾಡ, ಹಾವೇರಿಗಳ ಕಡೆ ಗೋವಿನಜೋಳ, ಆಡುಮಾತಿನಲ್ಲಿ ಗೊಂಜಾಳ. ಗಡಿ ದಾಟಿದರೆ ಅದೇ ಕಾಳು ತೆಲುಗಿನಲ್ಲಿ ಮೊಕ್ಕಜೊನ್ನ, ತಮಿಳಿನಲ್ಲಿ ಮಕ್ಕಾಚ್ಚೋಳಂ, ಮರಾಠಿಯಲ್ಲಿ ಮಕಾ. ಹೆಸರು ಬದಲಾದರೂ ಕಾಳಿನೊಳಗೆ ಸೇರಿಕೊಳ್ಳಬಹುದಾದ ವಿಷ ಬದಲಾಗುವುದಿಲ್ಲ. ಆ ವಿಷ ಹುಟ್ಟುವ ಬಗೆಯನ್ನೂ, ಅದನ್ನು ತಡೆಯುವ ತಿಳಿವಳಿಕೆ ರೈತನ ಮನೆಯನ್ನು ತಲುಪುವಾಗ ಎರಡು ನಿತ್ಯಬಳಕೆಯ ಪದಗಳು ತಂದೊಡ್ಡುವ ತೊಡಕನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಭಾರತದಲ್ಲಿ ಈ ವಿಷದ ಅತ್ಯಂತ ಘೋರವಾದ ದಾಖಲೆ 1974ರದು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಗುಜರಾತಿನ ಪಂಚಮಹಲ್ ಹಾಗೂ ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ನೂರೈವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಅದರ ಬೆನ್ನಿಗೇ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳತೊಡಗಿತು. ರೋಗಕ್ಕೆ ತುತ್ತಾದವರು 397 ಜನ. ಅವರಲ್ಲಿ 106 ಮಂದಿ ಸತ್ತರು. ಮನೆಯ ಅನ್ನವನ್ನೇ ಹಂಚಿಕೊಂಡು ತಿಂದ ನಾಯಿಗಳೂ ಇದೇ ಲಕ್ಷಣಗಳಿಂದ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ, ರಮೇಶ್ ಭಟ್ ಮತ್ತಿತರ ವಿಜ್ಞಾನಿಗಳು ರೋಗದ ಮೂಲವನ್ನು ಜನರ ಮುಖ್ಯ ಆಹಾರವಾದ ಮೆಕ್ಕೆಜೋಳದಲ್ಲಿ ಗುರುತಿಸಿ, 1975ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಕೊಯ್ಲಿಗೆ ಮುಂಚೆ ಬಿದ್ದ ಅಕಾಲಿಕ ಮಳೆಗೆ ತೆನೆಗಳು ನೆನೆದಿದ್ದವು. ಆ ಕಾಳಿನಲ್ಲಿ ಕಿಲೋಗೆ 6.25ರಿಂದ 15.6 ಮಿಲಿಗ್ರಾಂವರೆಗೆ ಅಫ್ಲಟಾಕ್ಸಿನ್ ಇತ್ತು. ಧಾನ್ಯಗಳಿಗೆ ಇಂದು ಭಾರತದಲ್ಲಿರುವ ಮಿತಿ ಕಿಲೋಗೆ 15 ಮೈಕ್ರೊಗ್ರಾಂ. ಅಂದರೆ ಅಂದಿನ ಕನಿಷ್ಠ ಪ್ರಮಾಣವೂ ಇಂದಿನ ಮಿತಿಯ ನಾನೂರು ಪಟ್ಟಿಗಿಂತ ಹೆಚ್ಚು. ಭೀಲರು ಹೆಚ್ಚಾಗಿ ನೆಲೆಸಿರುವ, ಭೀಲಿ, ವಾಗಡಿ ನುಡಿಗಳ ಈ ಸೀಮೆಯನ್ನು ರಾಜ್ಯದ ಗಡಿ ಎರಡಾಗಿ ಸೀಳಿದೆ. ರೋಗವು ಆ ಗಡಿಯನ್ನು ಲೆಕ್ಕಿಸಲಿಲ್ಲ. ಕಾಳು ಹೋದಲ್ಲೆಲ್ಲ ಹೋಯಿತು.

ಅಫ್ಲಟಾಕ್ಸಿನ್ ಎಂಬ ಹೆಸರಿನಲ್ಲಿಯೇ ಅದರ ಹುಟ್ಟು ಅಡಗಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಅವುಗಳಿಗೆ ತಿನ್ನಿಸಿದ್ದ ಶೇಂಗಾ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. ಅದನ್ನು ಸ್ರವಿಸಿದ ಶಿಲೀಂಧ್ರ ಆ್ಯಸ್ಪರ್ಜಿಲಸ್ ಫ್ಲೇವಸ್. ಮೊದಲ ಪದದ ‘ಅ’, ಎರಡನೆಯದರ ‘ಫ್ಲ’, ಕೊನೆಗೆ ವಿಷ ಎಂಬರ್ಥದ ‘ಟಾಕ್ಸಿನ್’ ಕೂಡಿ ಹೆಸರಾಯಿತು. ಈ ಶಿಲೀಂಧ್ರ ಮಣ್ಣಿನಲ್ಲಿಯೇ ಇರುತ್ತದೆ. ತೆನೆಗಟ್ಟುವ ಹೊತ್ತಿಗೆ ಬರ ಮತ್ತು ಬಿಸಿಲಿನಿಂದ ಗಿಡ ಬಳಲಿದ್ದರೆ, ಹುಳು ಕೊರೆದು ಕಾಳಿನ ಸಿಪ್ಪೆ ಒಡೆದಿದ್ದರೆ, ಅದು ಹೊಲದಲ್ಲಿಯೇ ಕಾಳಿನೊಳಕ್ಕೆ ಇಳಿಯುತ್ತದೆ. ಕೊಯ್ಲಾದ ಮೇಲೆ ತೇವ ಉಳಿದರೆ ಕಣದಲ್ಲಿ, ಚೀಲದಲ್ಲಿ, ಕಣಜದಲ್ಲಿ ಹಬ್ಬುತ್ತದೆ. ಹೀಗಾಗಿ ಬರ ಬಿದ್ದು, ಕೊಯ್ಲಿನ ವೇಳೆಗೆ ಮಳೆ ಸುರಿದ ವರ್ಷ ಎರಡು ಪಟ್ಟು ಅಪಾಯಕಾರಿ.

ಮೆಕ್ಕೆಜೋಳವನ್ನು ಕಾಡುವ ಇನ್ನೊಂದು ವಿಷ ಫ್ಯುಮೊನಿಸಿನ್. ಫ್ಯುಸೇರಿಯಂ ಜಾತಿಯ ಶಿಲೀಂಧ್ರ ಸ್ರವಿಸುವ ಇದನ್ನು ದಕ್ಷಿಣ ಆಫ್ರಿಕದ ವಿಜ್ಞಾನಿಗಳು 1988ರಲ್ಲಿ ಗುರುತಿಸಿದರು. ಏಳೇ ವರ್ಷಗಳಲ್ಲಿ, 1995ರಲ್ಲಿ, ಅದು ದಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಕಾಣಿಸಿಕೊಂಡಿತು. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಬಿಳಿಜೋಳ, ಮೆಕ್ಕೆಜೋಳಗಳ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಹೊಟ್ಟೆಯ ಗುಡುಗುಡು, ಭೇದಿ ಉಂಟಾದವು. ತಿನ್ನುವುದನ್ನು ನಿಲ್ಲಿಸಿದ ಮೇಲೆ ಎಲ್ಲರೂ ಚೇತರಿಸಿಕೊಂಡರು, ಸಾವು ಸಂಭವಿಸಲಿಲ್ಲ. ರೊಟ್ಟಿಯೇ ಊಟವಾಗಿರುವ ನಮ್ಮ ಗಡಿಸೀಮೆಗಳಿಗೆ ಈ ಪ್ರಕರಣ ದೂರದ್ದಲ್ಲ.

ಇನ್ನು ಮೊದಲನೆಯ ಪದ: ಬೂಷ್ಟು. ಕೆಟ್ಟ ಕಾಳನ್ನು ಗುರುತಿಸಲು ನಮ್ಮ ಭಾಷೆಗಳೆಲ್ಲ ಕಣ್ಣು, ಮೂಗು, ನಾಲಗೆಗಳನ್ನೇ ನಂಬಿವೆ. ಬಣ್ಣಗೆಟ್ಟಿದೆ, ಮುಗ್ಗಲು ವಾಸನೆ ಬಂದಿದೆ, ಕಹಿಯಾಗಿದೆ ಎನ್ನುವ ಮಾತುಗಳ ಹಿಂದೆ ತಲೆಮಾರುಗಳ ನಿಜವಾದ ಅನುಭವವಿದೆ. ಆದರೆ ಬೂಷ್ಟು ಬೇರೆ, ವಿಷ ಬೇರೆ. ಶಿಲೀಂಧ್ರವು ಸತ್ತ ಮೇಲೂ, ಒರೆಸಿ ತೆಗೆದ ಮೇಲೂ ಅದು ಸ್ರವಿಸಿದ ವಿಷ ಕಾಳಿನಲ್ಲಿ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಬೇಯಿಸಿದರೂ ರೊಟ್ಟಿ ಸುಟ್ಟರೂ ಅದು ಪೂರ್ತಿಯಾಗಿ ನಾಶವಾಗುವುದಿಲ್ಲ. ಹಾಗೆಂದು ಕಣ್ಣಿನ ತಿಳಿವಳಿಕೆ ವ್ಯರ್ಥವೇನಲ್ಲ. ಒಂದು ರಾಶಿಯ ವಿಷದಲ್ಲಿ ಹೆಚ್ಚಿನ ಪಾಲು ಕೆಲವೇ ಕಾಳುಗಳಲ್ಲಿ ಸೇರಿರುವುದುಂಟು. ಒಡೆದ, ಹುಳು ತಿಂದ, ಬಣ್ಣ ಮಾಸಿದ, ಜೊಳ್ಳಾದ ಕಾಳುಗಳನ್ನು ಆರಿಸಿ ತೆಗೆದರೆ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಮೊರದ ಮುಂದೆ ಕುಳಿತ ಹೆಂಗಸರ ಕೆಲಸಕ್ಕೆ ವಿಜ್ಞಾನದ ಸಮರ್ಥನೆ ಇದೆ. ಆದರೆ ಉಳಿದದ್ದು ಶುದ್ಧವೆಂಬ ಭರವಸೆಯನ್ನು ಅದು ಕೊಡಲಾರದು.

ಎರಡನೆಯ ಪದ ಇನ್ನೂ ಸರಳವಾಗಿ ಕಾಣುತ್ತದೆ: ಒಣಗಿದೆ. ಕೊಯ್ಲಿನ ವೇಳೆ ಮೆಕ್ಕೆಜೋಳದಲ್ಲಿ ಸಾಮಾನ್ಯವಾಗಿ ಶೇಕಡ 20ರಿಂದ 25ರಷ್ಟು ತೇವಾಂಶವಿರುತ್ತದೆ. ಬಹುಕಾಲ ಕೂಡಿಡಲು ಅದು ಸುಮಾರು 13ಕ್ಕೆ ಇಳಿಯಬೇಕು. ಹಲ್ಲಿನಲ್ಲಿ ಕಡಿದು, ಕೈಯಲ್ಲಿ ಅಲುಗಾಡಿಸಿ ಸದ್ದು ಕೇಳಿ ‘ಒಣಗಿದೆ’ ಎಂದು ತೀರ್ಮಾನಿಸಿದ ಕಾಳಿನಲ್ಲಿ ಶೇಕಡ 15 ಅಥವಾ 16 ತೇವ ಉಳಿದಿರಬಹುದು. ಶಿಲೀಂಧ್ರಕ್ಕೆ ಅಷ್ಟು ಸಾಕು. ‘ಕಾಳನ್ನು ಚೆನ್ನಾಗಿ ಒಣಗಿಸಿ’ ಎಂಬ ಸಲಹೆಯನ್ನು ಎಷ್ಟು ಭಾಷೆಗಳಿಗೆ ಅನುವಾದಿಸಿದರೂ ರೈತ ‘ಒಣಗಿಸಿಯೇ ಇದ್ದೇನೆ’ ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಪದ ಒಂದೇ ಆಗಿದ್ದು ಅಳತೆ ಎರಡಾಗಿದೆ.

ಈ ಅಂತರವನ್ನು ತುಂಬಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಒಣಗಿದ ಗಾಜಿನ ಬಾಟಲಿಯ ಮೂರನೆಯ ಒಂದು ಭಾಗದಷ್ಟು ಕಾಳು ತುಂಬಿ, ಎರಡು ಮೂರು ಚಮಚ ಒಣ ಉಪ್ಪು ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಟ್ಟು ನೋಡಬೇಕು. ಉಪ್ಪು ಬಾಟಲಿಯ ಒಳಗೋಡೆಗೆ ಅಂಟಿಕೊಂಡರೆ ತೇವ ಶೇಕಡ 15ಕ್ಕಿಂತ ಹೆಚ್ಚು. ಕಾಳು ಮತ್ತೆ ಬಿಸಿಲು ಕಾಣಬೇಕು. ಅಂಟದಿದ್ದರೂ ದೀರ್ಘಕಾಲ ಕೂಡಿಡುವ ಕಾಳಿಗೆ ಇನ್ನೂ ಒಂದೆರಡು ದಿನದ ಬಿಸಿಲು ಲೇಸು. ನೆಲದ ಮೇಲೆ ನೇರವಾಗಿ ಒಣಹಾಕದೆ ತಾಡಪತ್ರಿಯ ಮೇಲೆ ಹರಡುವುದು, ಚೀಲಗಳನ್ನು ಗೋಡೆಗೂ ನೆಲಕ್ಕೂ ತಾಗದಂತೆ ಹಲಗೆಯ ಮೇಲೆ ಪೇರಿಸುವುದು ಇದರ ಮುಂದಿನ ಹೆಜ್ಜೆಗಳು. ಇವು ಹೊಸ ವಿಷ ಹುಟ್ಟದಂತೆ ತಡೆಯುತ್ತವೆಯೇ ಹೊರತು ಆಗಲೇ ಹುಟ್ಟಿದ್ದನ್ನು ಅಳಿಸುವುದಿಲ್ಲ.

ಈ ತಿಳಿವಳಿಕೆ ತಲುಪದಿದ್ದರೆ ಆಗುವುದೇನೆಂಬುದನ್ನು ಕೀನ್ಯಾ 2004ರಲ್ಲಿ ಕಂಡಿತು. ಮಕುವೇನಿ, ಕಿಟುಯಿ ಮುಂತಾದ ಜಿಲ್ಲೆಗಳಲ್ಲಿ 317 ಜನ ಅಸ್ವಸ್ಥರಾಗಿ 125 ಮಂದಿ ಸತ್ತರು. ಸ್ವಂತ ಹೊಲದಲ್ಲಿ ಬೆಳೆದು ತೇವದಲ್ಲಿ ಕೂಡಿಟ್ಟ ಮೆಕ್ಕೆಜೋಳಕ್ಕೂ ಈ ರೋಗಕ್ಕೂ ನಂಟಿರುವುದು ತನಿಖೆಯಿಂದ ಸ್ಪಷ್ಟವಾಯಿತು. ಇಲ್ಲಿಯೇ ಸಣ್ಣ ರೈತನ ಸಂಕಟವಿದೆ. ಕಾರ್ಖಾನೆಗೆ, ಪರದೇಶಕ್ಕೆ ಹೋಗುವ ಕಾಳಿಗೆ ಪರೀಕ್ಷೆಯುಂಟು, ಮಿತಿಯುಂಟು. ಬೆಳೆದವನೇ ಉಣ್ಣುವ ಕಾಳಿಗೆ ಯಾವ ಪರೀಕ್ಷೆಯೂ ಇಲ್ಲ. ವ್ಯಾಪಾರಿ ತಿರಸ್ಕರಿಸಿದ ಕಾಳು ಮನೆಗೆ ಮರಳುತ್ತದೆ, ಇಲ್ಲವೇ ದನದ ಮೇವಾಗುತ್ತದೆ. ದನ ತಿಂದ ಅಫ್ಲಟಾಕ್ಸಿನ್ನಿನ ಒಂದಂಶ ರೂಪ ಬದಲಿಸಿ ಹಾಲಿನಲ್ಲಿ ಬರುತ್ತದೆ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಒಳಸೇರಿದ ವಿಷ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಆ ಅಪಾಯ ಹಲವು ಪಟ್ಟು ಹೆಚ್ಚು.

ಗಡಿನಾಡಿನ ಕೃಷಿಕನಿಗೆ ಸರಕಾರದ ಸಲಹೆ ಒಂದು ಭಾಷೆಯಲ್ಲಿ ಬರುತ್ತದೆ, ಮನೆಯ ಕಣದ ಮಾತು ಇನ್ನೊಂದರಲ್ಲಿ ನಡೆಯುತ್ತದೆ. ಅಫ್ಲಟಾಕ್ಸಿನ್ನಿಗೆ ಅಚ್ಚಗನ್ನಡದ ಪದವೊಂದನ್ನು ಟಂಕಿಸುವುದರಿಂದ ಈ ದೂರ ಕಡಿಮೆಯಾಗದು. ರಾಯದುರ್ಗ, ತಾಳವಾಡಿ, ಜತ್ತಗಳ ಮನೆಗಳಲ್ಲಿ ಕಾಳು ಒಣಗಿದ್ದನ್ನು ಹೇಗೆ ತಿಳಿಯುತ್ತಾರೆ, ಕೆಟ್ಟ ಕಾಳಿಗೆ ಯಾವ ಯಾವ ಹೆಸರಿಡುತ್ತಾರೆ, ಆರಿಸಿ ತೆಗೆದದ್ದನ್ನು ಯಾರಿಗೆ ತಿನ್ನಿಸುತ್ತಾರೆ ಎಂಬುದನ್ನು ಮೊದಲು ಕೇಳಿ ದಾಖಲಿಸಬೇಕು. ಭಾಷಾ ಸಂಶೋಧಕರು ಕೃಷಿ ವಿಜ್ಞಾನಿಗಳ ಜೊತೆ ಕುಳಿತು ಮಾಡಬಹುದಾದ ಕೆಲಸ ಇದು. ‘ಒಣಗಿದೆ’ ಎನ್ನುವಾಗ ಇಬ್ಬರ ಮನಸ್ಸಿನಲ್ಲೂ ಒಂದೇ ಅಳತೆ ಇರುವಂತಾದರೆ ಉಳಿದ ಸಲಹೆಗಳಿಗೆ ನೆಲೆ ಸಿಗುತ್ತದೆ.